ಅಮ್ಮನ ಸಾಲುಗಳ ತುದಿ

ನಮ್ಮ ಬೀದಿಯ ನಲ್ಲಿ ನೀರು ಬಿಡುವ ಮೊದಲು ಅಮ್ಮನ ದನಿಯಲ್ಲಿ ಬಯ್ಯುತ್ತಿತ್ತು. "ಬಿಂದಿಗೆ ತೊಳ್ಕೊಂಡು ಬಂದಿದ್ದೀರೋ, ಇಲ್ಲಾ ಎದ್ದ ಹಂಗೇ ಬಂದ್ರೋ?" ಎಂದು ಶುರು ಮಾಡಿ, "ಒಬ್ಬೊಬ್ರೇ ಹಿಡೀರವ್ವ, ನೀರೇನು ಓಡಿ ಹೋಗಾಕಿಲ್ಲ" ಎಂದು ಸಮಾಧಾನ ಹೇಳಿ, ನೀರು ಸಣ್ಣಗಾದಾಗ "ಮುಗೀತು, ಇನ್ನು ನನ್ನ ಮೂತಿ ನೋಡಿದ್ರೆ ಬರಾಕಿಲ್ಲ" ಎಂದು ನಿಲ್ಲಿಸುತ್ತಿತ್ತು. ಅಮ್ಮ, ತಾಯಮ್ಮ, ನಮ್ಮ ಬೀದಿಯ ನೀರುಗಂಟಿಯಾಗಿದ್ದಳು. ನಲ್ಲಿಗೆ ಕೆಲಸ ಹೇಳುವ ಸಾಲುಗಳನ್ನು, ಅದರ ಕೋಡನ್ನು, ಮೊದಲಿನಿಂದ ಕೊನೆಯವರೆಗೆ ಅವಳೇ ಬರೆದವಳು. ನಮ್ಮೂರಲ್ಲಿ ಒಂದು ಸಾಲನ್ನು ಕೊನೆಯದಾಗಿ ಯಾರು ಮುಟ್ಟಿದ್ದಾರೋ ಆ ಸಾಲು ಅವರ ದನಿಯಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ಅಮ್ಮ ಜ್ವರದಲ್ಲಿ ಸತ್ತ ಮಾರನೆಯ ದಿನವೂ ನಲ್ಲಿ ಎಂದಿನಂತೆ ಬಯ್ದಿತು. ಬೀದಿಯವರು ಎಂದಿನಂತೆ ಬೈಸಿಕೊಂಡು ನೀರು ಹಿಡಿದರು. ಸಾವಿನ ಮನೆ ಅಂತ ನಮಗೆ ಮೊದಲು ಬಿಟ್ಟರು, ಅಷ್ಟೇ.

ಇದರಲ್ಲಿ ನಮಗೆ ಯಾರಿಗೂ ಆಶ್ಚರ್ಯವಿರಲಿಲ್ಲ. ಆಶ್ಚರ್ಯಪಟ್ಟುಕೊಂಡು ಕೂತರೆ ಹೊಟ್ಟೆ ತುಂಬುತ್ತದೆಯೇ? ಹಿಟ್ಟಿನ ಗಿರಣಿಯಲ್ಲಿ ಗಿರಣಿಯವನ ಎರಡನೆಯ ಹೆಂಡತಿಯ ದನಿ ಇತ್ತು, ಅದಕ್ಕೆ ಮೊದಲನೆಯವಳು ರಾಗಿ ಬೀಸಿಸಲು ಹೊಳೆಯಾಚೆಗೆ ಹೋಗುತ್ತಿದ್ದಳು. ಹೊಲದ ಪಾಲಿನಲ್ಲಿ ಅಣ್ಣನ ಮೇಲೆ ಮುನಿಸಿಕೊಂಡವನೊಬ್ಬ ಅಣ್ಣನ ದನಿ ಇರುವ ಸೇತುವೆ ಬೇಡವೆಂದು ಮಳೆಗಾಲದಲ್ಲೂ ಹರಿಗೋಲಿನಲ್ಲಿ ದಾಟುತ್ತಿದ್ದ. ಮಾರುಕಟ್ಟೆಯ ದೀಪದ ಕಂಬಗಳ ಕೋಡನ್ನು ಬರೆದವನಿಗೆ ಬರೆಯುವಾಗ ನೆಗಡಿಯಾಗಿತ್ತಂತೆ, ಕಂಬಗಳು ಈಗಲೂ ಮೂಗಿನಲ್ಲೇ "ಕತ್ತಲಾಯ್ತು" ಅನ್ನುತ್ತಿದ್ದವು. ಜನ ನಗುತ್ತಿದ್ದರು, ಮುನಿಯುತ್ತಿದ್ದರು, ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರು. ಒಟ್ಟಿನಲ್ಲಿ ಬದುಕು ನಡೆಯುತ್ತಿತ್ತು.

ನಮ್ಮ ಅಪ್ಪ ಮಂಚಯ್ಯ ಸೀಮೆಎಣ್ಣೆ ಒಲೆ ರಿಪೇರಿ ಮಾಡುವವನು. ಬಾಯಿ ಕಡಿಮೆ. ಅಮ್ಮ ಬದುಕಿದ್ದಾಗ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ, ಏನಾದರೂ ಬೇಕಾದರೆ ಕೆಮ್ಮುತ್ತಿದ್ದ. ಅವಳು ಹೋದ ಮೇಲೆ ದಿನಾ ಬೆಳಗ್ಗೆ ಬಿಂದಿಗೆ ಹಿಡಿದು ನಲ್ಲಿಗೆ ಹೋಗಿ ಸರದಿಯಲ್ಲಿ ಕಟ್ಟಕಡೆಗೆ ನಿಲ್ಲುತ್ತಿದ್ದ. ಇಬ್ಬರು ಗಂಡಸರಿಗೆ ಒಂದು ಬಿಂದಿಗೆ ಸಾಕಾಗಿತ್ತು, ಅವನು ಎರಡು ಒಯ್ಯುತ್ತಿದ್ದ, ನೀರು ಸಣ್ಣಗಾಗುವವರೆಗೆ ನಿಲ್ಲಲು ನೆಪ ಬೇಕಲ್ಲ. ನಾನು ಹಾಸಿಗೆಯಲ್ಲೇ ಮಲಗಿ ಕಿಟಕಿಯಿಂದ ಕೇಳುತ್ತಿದ್ದೆ. ಕೇಳುತ್ತಿಲ್ಲ ಅನ್ನುವ ಹಾಗೆ ಕಂಬಳಿ ಎಳೆದುಕೊಳ್ಳುತ್ತಿದ್ದೆ. ಮಂಡಿಯಲ್ಲಿ ದಿನವಿಡೀ ಮೂಟೆ ಹೊರುವವನು ನಾನು, ಬೆಳಗ್ಗೆ ಅಷ್ಟನ್ನು ಕೇಳಿಸಿಕೊಂಡರೆ ಸಂಜೆಯತನಕ ಯಾರ ಮೇಲೂ ಕೈ ಎತ್ತದೆ ಇರಬಹುದಿತ್ತು.

ಒಂದು ದಿನ ಅಪ್ಪ ಗುಜರಿಯವನಿಂದ ಹಳೆಯದೊಂದು ಕೋಡು ಬರೆಯುವ ಯಂತ್ರ ತಂದು ಮೂಲೆಯಲ್ಲಿ ಇಟ್ಟ. ಯಾಕೆ ಅಂತ ಕೇಳಿದರೆ ಕೆಮ್ಮಿದ. ವಾರ ಕಳೆಯುವ ಹೊತ್ತಿಗೆ, ನಲ್ಲಿ ಅಮ್ಮನ ದನಿಯಲ್ಲಿ "ಮುಗೀತು" ಎಂದಾದ ಮೇಲೆ ಇನ್ನೊಂದು ದನಿ ಬಂತು. ಒರಟಾದ, ನಾಚಿಕೊಂಡ, ಒಲೆಯ ಮಸಿ ಮೆತ್ತಿದಂಥ ದನಿ. "ಆಯ್ತು, ಇನ್ನು ಮನೆಗೆ ಬಾ."

ಸರದಿಯಲ್ಲಿದ್ದ ಹೆಂಗಸರು ಬಿಂದಿಗೆ ಕೆಳಗಿಟ್ಟು ನಕ್ಕರು. ಎದುರು ಮನೆಯ ಜವರಮ್ಮ, ಅಮ್ಮನ ಜೊತೆ ದಿನಾ ಜಗಳವಾಡಿ ದಿನಾ ಎಲೆಅಡಿಕೆ ಹಂಚಿಕೊಂಡು ತಿನ್ನುತ್ತಿದ್ದವಳು, ಸೊಂಟದ ಮೇಲೆ ಕೈಯಿಟ್ಟು ಅಂದಳು: "ಬದುಕಿದ್ದಾಗ ತುಟಿ ಬಿಚ್ನಿಲ್ಲ, ಈಗ ನಲ್ಲೀಲಿ ಕರೀತಾವ್ನೆ ನೋಡು ಮುದ್ಕ! ತಾಯಮ್ಮ ಕೇಳಿಸ್ಕೊಂಡಿದ್ರೆ ಓಡೋಡಿ ಬರೋಳು ಕನವ್ವ." ಅಪ್ಪ ತಲೆ ತಗ್ಗಿಸಿ ಬಿಂದಿಗೆ ಹೊತ್ತುಕೊಂಡು ಬಂದ. ಅವನ ಕಿವಿ ಕೆಂಪಾಗಿತ್ತು. ತನ್ನ ಆಯುಷ್ಯದಲ್ಲಿ ಅವನು ಬರೆದದ್ದು ಅದೊಂದೇ ಸಾಲು.

ಆಮೇಲೆ ಜರಡಿ ಬಂತು. ಊರಿನ ಕೋಡನ್ನೆಲ್ಲ ನೋಡಿಕೊಳ್ಳುವ ಆಫೀಸಿನವರು ಅದಕ್ಕೆ ಇಟ್ಟ ಹೆಸರು ಸ್ವಯಂಚಾಲಿತ ತಪಾಸಣೆ, ನಮ್ಮ ಬಾಯಿಗೆ ಅದು ಹಿಡಿಸಲಿಲ್ಲ. ಅದಕ್ಕೆ ಮುಂಚೆ ಕೆರೆಯ ತೂಬು ಯಾಕೋ ಹೊತ್ತಲ್ಲದ ಹೊತ್ತಿನಲ್ಲಿ ತೆರೆದುಕೊಂಡು ಕುಂಬಾರರ ಹಸಿ ಮಡಕೆಗಳೆಲ್ಲ ಕೊಚ್ಚಿಹೋದವು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ಮೇಲಿನವರಿಗೆ ಅವಮಾನ. ಹಾಗಾಗಿ ತಪ್ಪನ್ನು ಸಾಲಿನ ತುದಿಗಳ ಮೇಲೆ ಹೊರಿಸಿದರು. ಪ್ರತಿ ಸಾಲು ಮುಗಿದಲ್ಲಿ, ಇಲ್ಲಿಗೆ ಇದು ಮುಗಿಯಿತು, ಮುಂದಿನದು ಕೆಳಗೆ ಅಂತ ಯಂತ್ರಕ್ಕೆ ಹೇಳುವ ಗುರುತೊಂದು ಇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಕೆಲವು ಯಂತ್ರ ಒಂದೇ ಗುರುತು ಹಾಕುತ್ತವೆ, ಕೆಲವು ಎರಡು. ಒಂಟಿ ತುದಿ, ಜೋಡಿ ತುದಿ ಅನ್ನುತ್ತೇವೆ. ಎರಡೂ ಕೆಲಸ ಮಾಡುತ್ತವೆ, ಅಜ್ಜನ ಕಾಲದಿಂದ ಮಾಡಿವೆ. ಇನ್ನು ಮೇಲೆ ಒಂದು ಫೈಲಿನಲ್ಲಿ ಒಂದೇ ಬಗೆಯ ತುದಿ ಇರಬೇಕು ಅಂತ ಆಯಿತು. ದಿನಾ ಬೆಳಗಾಗುವ ಮೊದಲು ಜರಡಿ ತಾನೇ ಎದ್ದು ಊರಿನ ಫೈಲುಗಳನ್ನು ಬೀದಿಯ ಸರದಿಯಂತೆ ಸೋಸುತ್ತದೆ, ಹೊಸದಾಗಿ ಕಳಿಸಿದ್ದನ್ನೂ ಕೂಡ. ಬೆರಕೆ ಸಿಕ್ಕಿದರೆ ಆ ಫೈಲಿನ ಕೆಲಸ ಅಲ್ಲಿಗೇ ಬಂದ್.

ಬಂದ್ ಆದರೆ ಸರಿಪಡಿಸಬೇಕಲ್ಲ. ಅದಕ್ಕೆ ಆಫೀಸಿನಲ್ಲಿ ನಾಗಭೂಷಣನನ್ನು ಕೂರಿಸಿದ್ದರು. ಅವನು ಏಳನೇ ಕ್ಲಾಸಿನವರೆಗೆ ನನ್ನ ಬೆಂಚಿನವನೇ. ಅವನು ಗುಂಡಿ ಒತ್ತಿದರೆ ಇಡೀ ಫೈಲಿನ ಸಾಲುಗಳೆಲ್ಲ ಜೋಡಿ ತುದಿಗೆ ತಿರುಗುತ್ತವೆ. ಒಂದು ಅಕ್ಷರವೂ ಬದಲಾಗುವುದಿಲ್ಲ. ಆದರೆ ತುದಿ ಮುಟ್ಟಿದರೂ ಸಾಲು ಮುಟ್ಟಿದ ಹಾಗೆಯೇ. ಹೀಗೆ ಸೇತುವೆ ಭೂಷಣನ ದನಿಯಾಯಿತು. ಬಸ್ಸು ಭೂಷಣನ ದನಿಯಾಯಿತು. ಗಿರಣಿ, ಕಂಬ, ಸ್ಕೂಲಿನ ಗಂಟೆ, ಹೆರಿಗೆ ಮನೆಯ ಬಾಗಿಲು ಎಲ್ಲವೂ. ಅಣ್ಣನ ಮೇಲೆ ಮುನಿದವನು ಮೊದಲ ದಿನ ಗೆದ್ದವನ ಹಾಗೆ ಸೇತುವೆ ದಾಟಿದ, ಮಾರನೆಯ ದಿನ ಸೇತುವೆಯ ನಡುವೆ ಕೂತು ಅತ್ತನಂತೆ. ಜನ ಇದಕ್ಕೂ ಒಗ್ಗಿಕೊಂಡರು. ಒಗ್ಗಿಕೊಳ್ಳುವುದು ಬಿಟ್ಟು ಈ ಊರಿನವರಿಗೆ ಇನ್ನೇನು ಬರುತ್ತದೆ? ಅದನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಮ್ಮ ನಲ್ಲಿ ಉಳಿದುಕೊಳ್ಳುತ್ತದೆ ಎಂದುಕೊಂಡಿದ್ದೆ. ಅಮ್ಮ ಬರೆದದ್ದೆಲ್ಲ ಒಂದೇ ಯಂತ್ರದಲ್ಲಿ, ಎಲ್ಲವೂ ಒಂಟಿ ತುದಿ, ಜರಡಿ ಹುಡುಕಿದರೂ ಬೆರಕೆ ಸಿಗುವಂತಿರಲಿಲ್ಲ. ನಮ್ಮ ಬೀದಿಯ ಸರದಿ ಬಂದ ಬೆಳಗ್ಗೆ ನಲ್ಲಿ ಮಾತಾಡಲಿಲ್ಲ. ನೀರೂ ಬರಲಿಲ್ಲ. ನಲ್ಲಿಯ ಕಂಬದ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅಪ್ಪ ಎರಡು ಬಿಂದಿಗೆ ಹಿಡಿದು ಅದರ ಕೆಳಗೆ ನಿಂತಿದ್ದ. ಅವನ ಮುಖ ನೋಡಿದ ಕೂಡಲೇ ನನಗೆ ಅರ್ಥವಾಯಿತು. ಆ ಗುಜರಿ ಯಂತ್ರ ಹಾಕುವುದು ಜೋಡಿ ತುದಿ. ಅಮ್ಮನ ಸಾಲುಗಳ ಕೆಳಗೆ ಅಪ್ಪನ ಒಂದು ಸಾಲು. ಅದೊಂದೇ ಬೆರಕೆ.

ಬೀದಿಯವರು ಮೊದಲ ದಿನ ಸುಮ್ಮನಿದ್ದರು. ಮೇಲಿನ ಬೀದಿಗೆ ಹೋಗಿ ಅಲ್ಲಿಯವರ ಹತ್ತಿರ ಮಾತು ಅನ್ನಿಸಿಕೊಂಡು ನೀರು ತಂದರು. ಆಮೇಲೆ ಜವರಮ್ಮ ನಮ್ಮ ಬಾಗಿಲಿಗೆ ಬಂದಳು. ಅವಳ ಸೊಸೆ ಬಾಣಂತಿ, ಮಗುವಿನ ಬಟ್ಟೆ ಒಗೆಯಲು ನೀರಿಲ್ಲ.

"ಮಂಚಣ್ಣ, ಆ ಭೂಷಣಂಗೆ ಹೇಳಿ ಗುಂಡಿ ಒತ್ತಿಸ್ಬಿಡು. ಎಷ್ಟು ದಿನ ಅಂತ ಹಿಂಗೆ?"

"ಒತ್ತಿಸಾಕಿಲ್ಲ," ಎಂದೆ ನಾನು. ಅಪ್ಪ ಕೆಮ್ಮಿದ.

"ನಿನ್ ಕೇಳ್ನಿಲ್ಲ ಕನ್ಲಾ ಕೆಂಪರಾಜ. ದೊಡ್ಡೋರ ಕೂಡ ಮಾತಾಡ್ತಾ ಇವ್ನಿ."

"ನಮ್ಮವ್ವನ ದನಿ ಹೊಂಟೋಯ್ತದೆ ಜವರತ್ತೆ. ನಿಂಗೇನೂ ಅನ್ನಿಸಾಕಿಲ್ವಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅನ್ನಿಸ್ತದೆ. ನನ್ ಬೋಯ್ಯೋಕೆ ಈ ಬೀದೀಲಿ ಇನ್ಯಾರವ್ರೆ? ಆದ್ರೆ ದನಿ ಕುಡಿಯೋಕಾದದಾ, ಹೇಳು. ಸತ್ತೋರಿಗೆ ಬಾಯಾರಿಕೆ ಇಲ್ಲ, ನಮಗದೆ."

ನಿಜ ಹೇಳಿದವರ ಮೇಲೆ ನನಗೆ ಸಿಟ್ಟೇ ಬರುವುದು. ಮಂಡಿಗೆ ಹೋಗದೆ ನೆಟ್ಟಗೆ ಆಫೀಸಿಗೆ ಹೋದೆ.

ಭೂಷಣ ಮೇಜಿನ ಹಿಂದೆ ಕೂತಿದ್ದ, ಕೊರಳಿಗೆ ಮಫ್ಲರ್ ಸುತ್ತಿಕೊಂಡು. ಅವನು ಪಿಸುಮಾತಿನಲ್ಲೇ ಮಾತಾಡುತ್ತಿದ್ದ. ಊರಿನಲ್ಲಿ ಕಿವಿ ಇಟ್ಟಲ್ಲೆಲ್ಲ ಅವನದೇ ದನಿ, ಮನೆಯಲ್ಲಿ ಬಾಯಿ ತೆರೆದರೆ ಹೆಂಡತಿ "ದಿನವೆಲ್ಲ ಕೇಳಿದ್ದು ಸಾಲ್ದಾ" ಅನ್ನುತ್ತಾಳೆಂದು ಮಂಡಿಯಲ್ಲಿ ಹೇಳಿಕೊಂಡು ನಗುತ್ತಿದ್ದರು.

"ನಮ್ಮ ಬೀದಿ ನಲ್ಲಿ ಬಿಡು," ಎಂದೆ.

"ಬಾ, ಕೂತ್ಕೊ. ಈಗ್ಲೇ ತಿರುಗಿಸ್ತೀನಿ, ಮಧ್ಯಾಹ್ನಕ್ಕೆ ನೀರು."

"ತಿರುಗಿಸ್ಬೇಡ. ಹಂಗೇ ಬಿಡು."

"ಹಂಗೇ ಹೆಂಗೆ ಬಿಡ್ಲಿ? ಜರಡೀಲಿ ನಿಂತಿದೆ. ಬೆರಕೆ."

"ಎಲ್ಲಿ ತೋರ್ಸು ಬೆರಕೆ. ಕಣ್ಣಿಗೆ ಕಾಣ್ತದಾ ನಿಂಗೆ?"

"ಕಾಣೋ ಹಂಗಿದ್ರೆ ಜರಡಿ ಯಾಕೋ ಬೇಕಿತ್ತು? ಏಳನೇ ಕ್ಲಾಸಿಗೇ ಚೀಲ ಬಿಸಾಕಿ ಹೋದವನು ನಂಗೆ ಪಾಠ ಹೇಳ್ತೀಯಾ?"

ಪಕ್ಕದಲ್ಲಿದ್ದ ಸ್ಟೂಲನ್ನು ಒದ್ದೆ. ಅದು ಗೋಡೆಗೆ ಬಡಿದು ಒಂದು ಕಾಲು ಮುರಿದುಕೊಂಡಿತು. ಒಳಗಿನಿಂದ ಯಾರೋ ಇಣುಕಿ ನೋಡಿ ಬಾಗಿಲು ಹಾಕಿಕೊಂಡರು. "ಹೌದು ಕಣೋ, ಬಿಸಾಕಿದೆ. ಒಂದು ಕೇಳ್ತೀನಿ ಹೇಳು. ನಿನ್ನ ಜರಡೀನೂ ಕೋಡೇ ತಾನೆ? ಅದರ ತುದಿ ಸೋಸಿದ್ದೀರಾ?"

ಅವನು ಮಫ್ಲರ್ ಬಿಗಿಮಾಡಿಕೊಂಡ. ನಾನು ಬಿಡಲಿಲ್ಲ. ಮೇಜಿನ ಮೇಲೆ ಎರಡೂ ಕೈ ಊರಿ ನಿಂತೆ. ಕೊನೆಗೆ, ನನ್ನನ್ನು ಸಾಗಹಾಕಲೋ ಏನೋ, ಜರಡಿಗೆ ಅದರದೇ ಫೈಲನ್ನು ಕೊಟ್ಟ. ಪಟ್ಟನೆ ಕೆಂಪು ಬಂತು. ಒಂಟಿ, ಜೋಡಿ, ಒಂಟಿ, ಜೋಡಿ, ಜಾತ್ರೆಯಾಗಿತ್ತು ಅದರೊಳಗೆ.

"ಬಂದ್ ಮಾಡು ಹಂಗಾದ್ರೆ ಅದನ್ನ!"

"ಅದಕ್ಕೆ ವಿನಾಯಿತಿ ಇದೆ," ಎಂದ ಭೂಷಣ ಪಿಸುದನಿಯಲ್ಲಿ.

ಅವನ ಮಫ್ಲರ್ ಹಿಡಿದು ಎಳೆಯಬೇಕೆಂದು ಕೈ ಮುಂದೆ ಚಾಚಿದ್ದೆ. ಆದರೆ ಅವನ ಕಣ್ಣಲ್ಲಿ ನೀರಾಡುತ್ತಿತ್ತು. "ಕೆಂಪ, ನನಗೇನು ಖುಷಿ ಅಂದ್ಕೊಂಡ್ಯಾ? ನನ್ನ ಮಗಳು ಸ್ಕೂಲಿನ ಗಂಟೆ ಬಯ್ದ್ರೆ ಮನೆಗೆ ಬಂದು ನನ್ನ ಕೂಡ ಮಾತು ಬಿಡ್ತಾಳೆ. ನಾನೇ ಬಯ್ದೆ ಅಂತಾಳೆ. ಮೇಲಿನವರ ಹತ್ರ ಹೇಳಿದೆ, ಒಂದೊಂದು ಸಾಲು ನೋಡಿ ಸರಿಮಾಡೋಣ ಅಂತ. ಅಷ್ಟು ಜನ ಎಲ್ಲಿದ್ದಾರೆ, ಗುಂಡಿ ಒತ್ತು ಅಂದ್ರು." ಆಮೇಲೆ ಬಾಗಿಲ ಕಡೆ ನೋಡಿ ಇನ್ನೂ ಸಣ್ಣ ದನಿಯಲ್ಲಿ ಅಂದ: "ನಿಮ್ಮದ್ರಲ್ಲಿ ಒಂದೇ ಸಾಲು ತಾನೆ ಬೆರಕೆ? ಅದು ನಿಮ್ಮಪ್ಪಂದು. ಬರೆದವರು ತಮ್ಮ ಸಾಲನ್ನ ತಾವೇ ತೆಗೆದ್ರೆ ಯಾರೂ ಕೇಳಲ್ಲ. ನಾಳೆ ಬೆಳಗ್ಗೆ ಕರ್ಕೊಂಡು ಬಾ. ಇಲ್ಲಿ, ಈ ಯಂತ್ರದಲ್ಲಿ, ಅದೊಂದು ಸಾಲು ಅಳಿಸಲಿ, ಇದು ಬೇರೆ ಸಾಲಿನ ತುದಿ ಮುಟ್ಟಲ್ಲ. ಉಳಿದದ್ದನ್ನ ಯಾರೂ ಮುಟ್ಟೋದು ಬೇಡ. ನಿಮ್ಮಮ್ಮ ಹಂಗೇ ಇರ್ತಾರೆ."

ನಾನು ಮುರಿದ ಸ್ಟೂಲನ್ನು ಎತ್ತಿ ಗೋಡೆಗೆ ಒರಗಿಸಿಟ್ಟು ಬಂದೆ. ದಾರಿಯುದ್ದಕ್ಕೂ ಅಪ್ಪನಿಗೆ ಹೇಗೆ ಹೇಳುವುದೆಂದು ಯೋಚಿಸಿದೆ. ಅವನ ಒಂದೇ ಒಂದು ಸಾಲು ಹೋಗಬೇಕು. ಆದರೆ ಅವಳು ಉಳಿಯುತ್ತಾಳೆ. ಅಪ್ಪ ಒಪ್ಪುತ್ತಾನೆ, ಕೆಮ್ಮಿ ಒಪ್ಪುತ್ತಾನೆ ಅಂತ ನನಗೆ ಗೊತ್ತಿತ್ತು. ಎಷ್ಟೋ ತಿಂಗಳ ಮೇಲೆ ನನ್ನ ಎದೆ ಸ್ವಲ್ಪ ಹಗುರಾಗಿತ್ತು. ಅಂಗಡಿಯಲ್ಲಿ ನಿಂತು ಅಪ್ಪನಿಗೆ ಅಂತ ಬೀಡಿ ಕಟ್ಟು ತೆಗೆದುಕೊಂಡೆ.

ಮನೆಯಲ್ಲಿ ಅಪ್ಪ ಗುಜರಿ ಯಂತ್ರದ ಮುಂದೆ ಕೂತಿದ್ದ. ನನ್ನನ್ನು ನೋಡಿ ನಕ್ಕ. ಅವನು ನಗುವುದು ಅಪರೂಪ.

"ನೀ ಅಲ್ಲಿ ಹೋಗಿ ಕೂಗಾಡ್ತಿದ್ದೀಯ ಅಂತ ಜವರಮ್ಮನ ಮಗ ಬಂದು ಹೇಳ್ದ. ನನ್ನಿಂದ ನೀನ್ಯಾಕೆ ಅವರಿವರ ತಾವ ಬೈಸ್ಕೋಬೇಕು? ತಪ್ಪು ನಂದೊಂದು ಸಾಲು ತಾನೆ. ತೆಗ್ದಾಕ್ಬಿಟ್ಟೆ ಕನಪ್ಪ. ಕಳಿಸೂಬಿಟ್ಟೆ."

"ಎಲ್ಲಿ ತೆಗ್ದೆ?"

"ಇಲ್ಲೇ. ಆಪೀಸಿಂದ ಪೂರ್ತಿ ಪೈಲು ತರಿಸ್ಕೊಂಡೆ, ನಂದನ್ನ ಅಳಿಸ್ದೆ, ಉಳಿಸು ಅಂದೆ, ಕಳಿಸ್ದೆ. ಅವಳದ್ದು ಒಂದಕ್ಷರಾನೂ ಮುಟ್ನಿಲ್ಲ, ನಿನ್ನಾಣೆ."

ಒಂದಕ್ಷರವನ್ನೂ ಮುಟ್ಟಿರಲಿಲ್ಲ, ಸುಳ್ಳಲ್ಲ. ಆದರೆ ಆ ದರಿದ್ರ ಯಂತ್ರ ಏನನ್ನೇ ಉಳಿಸಲಿ, ಮೇಲಿನಿಂದ ಕೆಳಗಿನವರೆಗೆ ಪ್ರತಿ ಸಾಲಿಗೂ ತನ್ನ ಜೋಡಿ ತುದಿಯನ್ನೇ ಹಾಕಿ ಉಳಿಸುತ್ತದೆ. ಮೊದಲು ಅವನು ಕಳಿಸಿದ್ದು ತನ್ನ ಸಾಲೊಂದನ್ನೇ, ಅದಕ್ಕೆ ಅಮ್ಮನ ಸಾಲುಗಳು ಬಚಾವಾಗಿದ್ದವು. ಈಗ ಇಡೀ ಫೈಲು ಅದರ ಬಾಯಿಗೆ ಹೋಗಿ ಬಂದಿತ್ತು. ಬೀಡಿ ಕಟ್ಟನ್ನು ಅವನ ಕೈಗೆ ಕೊಟ್ಟೆ. ಜರಡಿ ನಿಲ್ಲಿಸಲಿ, ದೇವರೇ, ಇದೊಂದನ್ನು ನಿಲ್ಲಿಸಲಿ ಅಂತ ಬೇಡಿಕೊಂಡೆ. ಜರಡಿ ಯಾಕೆ ನಿಲ್ಲಿಸುತ್ತದೆ? ಈಗ ಬೆರಕೆ ಇರಲಿಲ್ಲವಲ್ಲ. ಎಲ್ಲವೂ ಜೋಡಿ.

ಬೆಳಗ್ಗೆ ಕಂಬದಲ್ಲಿ ಹಸಿರು ದೀಪ. ಬೀದಿಗೆ ಬೀದಿಯೇ ಬಿಂದಿಗೆ ಹಿಡಿದು ಬಂದಿತ್ತು. ಅಪ್ಪ ಶರ್ಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ಕಟ್ಟಕಡೆಗೆ ನಿಂತಿದ್ದ. ನಾನೂ ಅಂದು ಎದ್ದು ಹೋಗಿ ಅವನ ಪಕ್ಕದಲ್ಲಿ ನಿಂತೆ. ನಲ್ಲಿ ಗೊರ ಗೊರ ಅಂದು, "ಬಿಂದಿಗೆ ತೊಳ್ಕೊಂಡು ಬಂದಿದ್ದೀರೋ" ಎಂದು ಶುರು ಮಾಡಿತು. ಒರಟಾದ, ನಾಚಿಕೊಂಡ ದನಿ. ಅಪ್ಪನ ದನಿ.

ಯಾರೂ ನಗಲಿಲ್ಲ. ಜವರಮ್ಮ ತಿರುಗಿ ಅಪ್ಪನನ್ನು ನೋಡಿದಳು, ಆಮೇಲೆ ಬೇಗ ಮುಖ ತಿರುಗಿಸಿ ಬಿಂದಿಗೆ ಒಡ್ಡಿದಳು. ಅಪ್ಪ ಮಾತ್ರ ತಲೆ ಎತ್ತಿ ಕಾಯುತ್ತಲೇ ಇದ್ದ. ಇದು ಮೊದಲನೆಯ ಸಾಲು, ಎರಡನೆಯದಕ್ಕೆ ಅವಳು ಬರುತ್ತಾಳೆ ಅನ್ನುವವನ ಹಾಗೆ. "ಒಬ್ಬೊಬ್ರೇ ಹಿಡೀರವ್ವ" ಎಂದಿತು ಅವನದೇ ದನಿ. ಅವನು ಇನ್ನೂ ಕಾದ. ನೀರು ಸಣ್ಣಗಾಯಿತು. "ಮುಗೀತು" ಎಂದಿತು. ಅದಾದ ಮೇಲೆ ಇನ್ನೇನೂ ಇರಲಿಲ್ಲ, ಅವನೇ ಅಳಿಸಿದ್ದನಲ್ಲ. ಎರಡೂ ಬಿಂದಿಗೆ ಖಾಲಿಯಾಗಿಯೇ ಉಳಿದವು.

ನಾನು ಅಲ್ಲಿಂದಲೇ ಭೂಷಣನ ಮನೆಗೆ ಓಡಿದೆ. ಅವನು ಹಲ್ಲುಜ್ಜುತ್ತಿದ್ದ. "ಹಿಂದಕ್ಕೆ ತಿರುಗಿಸು," ಅಂದೆ. "ಹಳೇದು ಇಟ್ಟಿರ್ತೀರಲ್ಲ, ಅದನ್ನೇ ವಾಪಸ್ ಹಾಕು."

"ಹಾಕಬಹುದು." ಅವನು ಬಾಯಿ ಮುಕ್ಕಳಿಸಿ ಉಗುಳಿದ. "ಹಾಕಿದವರ ದನಿ ಬರುತ್ತೆ. ನಾನು ಹಾಕಿದ್ರೆ ನಂದು. ನೀನು ಹಾಕಿದ್ರೆ ನಿಂದು."

"ಅವ್ವಂದು?"

ಅವನು ತಲೆ ಅಲ್ಲಾಡಿಸಿದ. ಹೊಡೆಯಲು ಕೈ ಎತ್ತಿದೆ, ಅವನು ಹೊಡೆಸಿಕೊಳ್ಳಲು ಸುಮ್ಮನೆ ನಿಂತ. ಹಾಗೆ ನಿಂತವನಿಗೆ ಹೇಗೆ ಹೊಡೆಯುವುದು?

ಬೀದಿ ಒಗ್ಗಿಕೊಂಡಿತು. ಹದಿನೈದು ದಿನವೂ ಹಿಡಿಯಲಿಲ್ಲ. "ಬೇರೆ ಯಾರದೋ ದನಿಗಿಂತ ನಮ್ಮ ಮಂಚಣ್ಣಂದೇ ವಾಸಿ ಬುಡವ್ವ" ಎಂದರು. ಹೊಸದಾಗಿ ಬಂದ ಸೊಸೆಯರಿಗೆ ಅದು ಗಂಡಸು ದನಿಯ ನಲ್ಲಿ ಅಂತಲೇ ಗೊತ್ತು. ಅಪ್ಪ ಮಾತ್ರ ಆ ಕಡೆಗೆ ಹೋಗುವುದನ್ನು ಬಿಟ್ಟ. ನೀರು ಬಿಡುವ ಹೊತ್ತಿಗೆ ಒಲೆಗೆ ಜೋರಾಗಿ ಗಾಳಿ ಹೊಡೆಯುತ್ತ ಕೂರುತ್ತಾನೆ, ಬುಸ್ ಬುಸ್ ಅನ್ನುವ ಸದ್ದಿನಲ್ಲಿ ತನ್ನ ದನಿ ತನಗೆ ಕೇಳದಿರಲಿ ಅಂತ. ನೀರು ನಾನು ತರುತ್ತೇನೆ. ಒಂದು ಬಿಂದಿಗೆ.

ಮೊನ್ನೆ ಸಂಜೆ ನಾನು ಮಂಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಅಪ್ಪ ಒಳಗಿನಿಂದ ಕರೆದ. ಅವನು ತಾನಾಗಿ ಮಾತಾಡಿದ್ದು ಎಷ್ಟೋ ದಿನಗಳ ಮೇಲೆ.

"ಕೆಂಪ, ನೀನು ಚಿಕ್ಕವನಿದ್ದಾಗ ಗೋಲಿ ಆಡಾಕೆ ಹೋದ್ರೆ ಮನೆಗೆ ಬತ್ತಾನೇ ಇರ್ನಿಲ್ಲ. ಅವಳು ಬಾಗ್ಲಲ್ಲಿ ನಿಂತು ಉಣ್ಣಾಕೆ ಕೂಗ್ತಿದ್ಲಲ್ಲ. ಹೆಂಗೆ ಕೂಗ್ತಿದ್ಲು?"

"ಯಾಕಪ್ಪ?"

"ಜ್ಞಾಪಿಸ್ಕೊಳ್ಳಾನ ಅಂತ ಕಣ್ಣು ಮುಚ್ತೀನಿ. ಅವಳ ಮಾತೆಲ್ಲ ಬತ್ತದೆ. ನನ್ನ ದನೀಲೇ ಬತ್ತದೆ ಕನ್ಲಾ. ನಲ್ಲಿ ಮಾತು ಅಂತಲ್ಲ, ಎಲ್ಲಾನೂವೆ. ಮದ್ವೇಲಿ ಆಡಿದ್ದು, ಸಾಯೋವಾಗ ಆಡಿದ್ದು, ಎಲ್ಲಾ ನಂದೇ. ನಿಂಗಾದ್ರೂ ಸರ್ಯಾಗಿ ಕೇಳ್ತದೇನೋ. ಒಂದ್ಸಲ ಅಂದು ತೋರ್ಸು."

ನಾನು ಒದ್ದೆ ಕಾಲಲ್ಲೇ ಬಾಗಿಲಿಗೆ ಹೋಗಿ ನಿಂತೆ. ಅವಳ ಕೂಗು ಗಂಟಲ ತನಕ ಬಂದ ಹಾಗಿತ್ತು. ಕೊನೆಗೆ ಎಳೆಯುತ್ತಿದ್ದಳು, ಎಳೆದು ಸ್ವಲ್ಪ ಮೇಲಕ್ಕೆ ಎತ್ತುತ್ತಿದ್ದಳು. "ಕೆಂಪಾ, ಮುದ್ದೆ ಆರೋಗ್ತದೆ ಬಾರ್ಲಾ" ಎಂದು ಬೀದಿಗೆ ಮುಖ ಮಾಡಿ ಕೂಗಿದೆ.

"ಅಲ್ಲ," ಎಂದ ಅಪ್ಪ. "ಹಂಗಲ್ಲ."

ಮತ್ತೆ ಕೂಗಿದೆ. ಮೆತ್ತಗೆ ಮಾಡಿದೆ, ಸಣ್ಣಗೆ ಮಾಡಿದೆ. ಬಂದದ್ದು ಮಂಡಿಯಲ್ಲಿ ಗಾಡಿಯವರ ಮೇಲೆ ಹರಿಹಾಯುವ ನನ್ನದೇ ದನಿ. ಮೂರನೆಯ ಸಲ ಕೂಗುವಾಗ ಎದುರು ಮನೆಯ ಬಾಗಿಲು ತೆರೆಯಿತು. ಮೊಮ್ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಜವರಮ್ಮ ಆಚೆ ಬಂದು, "ಯಾರ ಮ್ಯಾಲ್ಲಾ ಜಗಳ, ಈ ಮುಚ್ಚಂಜೇಲಿ?" ಎಂದಳು.

"ಯಾರ ಮ್ಯಾಲೂ ಇಲ್ಲ," ಎಂದೆ.

"ಇನ್ನೊಂದ್ಸಲ ಅನ್ನು," ಎಂದ ಅಪ್ಪ ಒಳಗಿನಿಂದ, ಗೋಡೆಯ ಕಡೆ ತಿರುಗಿ, ಕಣ್ಣು ಮುಚ್ಚಿಕೊಂಡು.